ಶಾರ್ಜಾದ 5,500 ದಿರ್ಹಮ್ ಸಂಬಳ ಸುರತ್ಕಲ್‌ನ ಮನೆಗೆ ಎಷ್ಟಾಗಿ ತಲುಪುತ್ತದೆ?

ಗಣಿತ ಶಿಕ್ಷಕಿ, ಸುರತ್ಕಲ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಖಾಸಗಿ ಸಿ.ಬಿ.ಎಸ್.ಇ. ಶಾಲೆಯಲ್ಲಿ ಪ್ರೌಢ ತರಗತಿಗಳಿಗೆ ಗಣಿತ ಕಲಿಸುತ್ತಿದ್ದೇನೆ. ಎಂ.ಎಸ್ಸಿ., ಬಿ.ಎಡ್. ಆಗಿದೆ, ಇದೇ ಶಾಲೆಯಲ್ಲಿ ಹತ್ತು ವರ್ಷದ ಸೇವೆ ಪೂರ್ತಿಯಾಗಿದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 28,000 ರೂಪಾಯಿ. ಉಳಿದ ಭತ್ಯೆಗಳು ಸೇರಿ, ಭವಿಷ್ಯನಿಧಿ ಕಡಿತವಾಗಿ ಕೈಗೆ ಬರುವುದು 38,000. ಪತಿ ಬೈಕಂಪಾಡಿಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ, ಅವರಿಗೆ 42,000 ಬರುತ್ತದೆ. ಮಗಳು ಐದನೇ ತರಗತಿ, ಮಗ ಒಂದನೇ ತರಗತಿ. ಅತ್ತೆ ನಮ್ಮ ಜೊತೆಗಿದ್ದಾರೆ. ಶಾಲೆ ಬಿಟ್ಟು ಬಂದ ಮಕ್ಕಳನ್ನು ಸಂಜೆ ನೋಡಿಕೊಳ್ಳುವವರು ಅವರೇ. ಮನೆಯ ಸಾಲ ಸುಮಾರು 18 ಲಕ್ಷ ಬಾಕಿ ಇದೆ.

ಸಂಯುಕ್ತ ಅರಬ್ ಸಂಸ್ಥಾನದ ಶಾರ್ಜಾದಲ್ಲಿರುವ ಭಾರತೀಯ ಪಠ್ಯಕ್ರಮದ ಒಂದು ಶಾಲೆಯಿಂದ ನೇಮಕಾತಿ ಪತ್ರ ಬಂದಿದೆ. ತಿಂಗಳಿಗೆ ಒಟ್ಟು 5,500 ದಿರ್ಹಮ್. ಅದರಲ್ಲಿ ಮೂಲ ವೇತನ 2,500, ವಸತಿ ಭತ್ಯೆ 2,000, ಇತರ ಭತ್ಯೆ 1,000. ಶಾಲೆಯ ವಸತಿಯಲ್ಲಿ ಇದ್ದರೆ ವಸತಿ ಭತ್ಯೆ ಸಿಗುವುದಿಲ್ಲ. ವರ್ಷಕ್ಕೊಮ್ಮೆ ನನಗೆ ಊರಿಗೆ ಬಂದು ಹೋಗುವ ವಿಮಾನದ ಟಿಕೆಟ್, ಮಕ್ಕಳ ಶುಲ್ಕದಲ್ಲಿ ಅರ್ಧ ರಿಯಾಯಿತಿ. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೆ 1,26,500 ರೂಪಾಯಿ ಆಗುತ್ತದೆ. ನೆಂಟರಿಷ್ಟರೆಲ್ಲ ಈ ಅಂಕಿಯನ್ನೇ ಹಿಡಿದುಕೊಂಡು, ಯೋಚಿಸುವುದಕ್ಕೆ ಏನಿದೆ ಎಂದು ಕೇಳುತ್ತಿದ್ದಾರೆ. ಹೋಗಿ ನೆಲೆಸಿರುವವರು, ಹೋಗಿ ಬಂದವರು, ಲೆಕ್ಕ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಶಾರ್ಜಾದಲ್ಲಿರುವ ವಿಜ್ಞಾನ ಶಿಕ್ಷಕಿ, ಊರು ಬ್ರಹ್ಮಾವರ

ಮೇಡಂ, ನಾನು ಇಲ್ಲಿ ಪತಿ ಮತ್ತು ಇಬ್ಬರು ಮಕ್ಕಳೊಂದಿಗೆ ಇರುವುದರಿಂದ ನಮ್ಮ ಮನೆಯ ಖರ್ಚನ್ನೇ ನಿಮ್ಮ ಮುಂದಿಡುತ್ತೇನೆ. ಒಂದು ಕೋಣೆ, ಒಂದು ಹಾಲ್ ಇರುವ ಹಳೆಯ ಕಟ್ಟಡದ ಮನೆಗೆ ವರ್ಷಕ್ಕೆ 34,000 ದಿರ್ಹಮ್ ಬಾಡಿಗೆ, ಅಂದರೆ ತಿಂಗಳಿಗೆ ಸುಮಾರು 2,830. ವಿದ್ಯುತ್, ನೀರು, ಅನಿಲ, ಇಂಟರ್‌ನೆಟ್ ಸೇರಿ ಸರಾಸರಿ 650. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವಾನಿಯಂತ್ರಣ ಯಂತ್ರ ಹಗಲೂ ರಾತ್ರಿಯೂ ಓಡುವುದರಿಂದ ಆ ತಿಂಗಳುಗಳಲ್ಲಿ ಇನ್ನೂ ಹೆಚ್ಚು. ದಿನಸಿ, ಮೀನು, ಹಾಲು, ತರಕಾರಿಗೆ 1,400. ನಮ್ಮ ಊರಿನ ಕುಚ್ಚಲಕ್ಕಿಯಿಂದ ಹಿಡಿದು ಹಪ್ಪಳದವರೆಗೆ ಎಲ್ಲವೂ ಇಲ್ಲಿ ಸಿಗುತ್ತದೆ, ಆದರೆ ಹಿತ್ತಿಲಿನಿಂದ ಹೆಕ್ಕಿ ತರುತ್ತಿದ್ದ ತೆಂಗಿನಕಾಯಿಗೂ ಕರಿಬೇವಿನ ಸೊಪ್ಪಿಗೂ ಇಲ್ಲಿ ದುಡ್ಡು ಕೊಡಬೇಕು. ಇಬ್ಬರು ಮಕ್ಕಳ ಶುಲ್ಕ, ಅರ್ಧ ರಿಯಾಯಿತಿ ಕಳೆದು, ತಿಂಗಳಿಗೆ 670ರಷ್ಟು ಬೀಳುತ್ತದೆ. ಇಷ್ಟಕ್ಕೇ 5,550 ಆಯಿತು. ನಿಮಗೆ ಹೇಳಿರುವ ಪೂರ್ತಿ ಸಂಬಳಕ್ಕಿಂತ ಇದು 50 ದಿರ್ಹಮ್ ಹೆಚ್ಚು. ಬಟ್ಟೆ, ಔಷಧಿ, ಫೋನು, ಹಬ್ಬ ಹರಿದಿನ, ಊರಿಗೆ ಹೋಗುವ ಉಳಿದ ಮೂವರ ಟಿಕೆಟ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇನ್ನೊಂದು ಮುಖ್ಯ ಸಂಗತಿಯನ್ನು ನೇಮಕಾತಿ ಪತ್ರದಲ್ಲಿ ಯಾರೂ ಬರೆಯುವುದಿಲ್ಲ. ಇಲ್ಲಿ ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ಪದ್ಧತಿ ಕಡಿಮೆ. ಇಡೀ ವರ್ಷದ ಮೊತ್ತವನ್ನು ಮುಂದಿನ ದಿನಾಂಕ ಹಾಕಿದ ನಾಲ್ಕು ಅಥವಾ ಆರು ಚೆಕ್‌ಗಳಾಗಿ ಮಾಲೀಕರಿಗೆ ಮೊದಲೇ ಕೊಡಬೇಕು. ಮೊದಲ ಚೆಕ್, ಠೇವಣಿ, ಮಧ್ಯವರ್ತಿಯ ಕಮಿಷನ್, ಕರಾರು ನೋಂದಣಿ, ವಿದ್ಯುತ್ ಸಂಪರ್ಕದ ಠೇವಣಿ, ನಾಲ್ಕು ಮಂಚ, ಒಂದು ಫ್ರಿಜ್: ಇವೆಲ್ಲ ಮೊದಲ ಸಂಬಳ ಕಣ್ಣಿಗೆ ಕಾಣುವ ಮುನ್ನವೇ ಬಂದು ಬೀಳುತ್ತವೆ. ಕುಟುಂಬ ಸಮೇತ ಬರುವವರು ಕಡಿಮೆಯೆಂದರೂ 15,000 ದಿರ್ಹಮ್ ಕೈಯಲ್ಲಿಟ್ಟುಕೊಂಡು ಇಳಿಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ದುಬೈಯಲ್ಲಿ ಬಾಡಿಗೆ ಇಲ್ಲಿಗಿಂತ ಬಹಳ ಹೆಚ್ಚು. ಅಲ್ಲಿ ವಾರ್ಷಿಕ ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕವೂ ವಿದ್ಯುತ್ ಬಿಲ್ಲಿನ ಜೊತೆಗೇ ಬರುತ್ತದೆ.

ಒಬ್ಬರೇ ಬಂದು ಶಾಲೆಯ ವಸತಿಯಲ್ಲಿ ಉಳಿದರೆ ಚಿತ್ರ ಬೇರೆ. ವಸತಿ ಭತ್ಯೆ ಕಳೆದು 3,500 ಸಿಗುತ್ತದೆ. ಊಟಕ್ಕೆ 600, ಫೋನಿಗೆ 150, ಮೇಲುಖರ್ಚಿಗೆ 350 ಇಟ್ಟರೆ 2,400 ಉಳಿಸಬಹುದು. ನನ್ನ ಜೊತೆ ಕೆಲಸ ಮಾಡುವ ಹಲವರು ಹೀಗೆಯೇ ಇದ್ದಾರೆ. ಎರಡು ವರ್ಷ, ಮೂರು ವರ್ಷ ಎಂದುಕೊಂಡು ಬಂದವರು ಮಕ್ಕಳ ಬಾಲ್ಯವನ್ನೆಲ್ಲ ಫೋನಿನ ಪರದೆಯಲ್ಲೇ ನೋಡುತ್ತಿದ್ದಾರೆ ಎಂಬುದನ್ನೂ ಹೇಳದೆ ಇರಲಾರೆ.

ಲೆಕ್ಕಪರಿಶೋಧಕ, ಮಣಿಪಾಲ

ಶಾರ್ಜಾದ ಟೀಚರ್ ಕೊಟ್ಟಿರುವ ವಿವರ ಬಹಳ ಉಪಯುಕ್ತವಾಗಿದೆ. ಗಲ್ಫಿಗೆ ಹೊರಟ ಶಿಕ್ಷಕರು ನನ್ನ ಕಚೇರಿಗೆ ಬಂದಾಗ ಅವರ ಮುಂದಿಡುವ ಲೆಕ್ಕವನ್ನೇ ಇಲ್ಲಿಯೂ ಇಡುತ್ತೇನೆ. ಸಂಬಳವನ್ನು ಸಂಬಳದೊಂದಿಗೆ ಹೋಲಿಸಬಾರದು. ಇಡೀ ಮನೆಯ ಇಂದಿನ ಉಳಿತಾಯವನ್ನು ಇಡೀ ಮನೆಯ ಮುಂದಿನ ಉಳಿತಾಯದೊಂದಿಗೆ ಹೋಲಿಸಬೇಕು.

ಮೇಡಂ ಒಬ್ಬರೇ ಹೋಗುತ್ತಾರೆ ಎಂದುಕೊಳ್ಳೋಣ. ಅಲ್ಲಿ ಉಳಿಯುವ 2,400 ದಿರ್ಹಮ್ ಎಂದರೆ 55,200 ರೂಪಾಯಿ. ಆದರೆ ಅವರು ಹೊರಟ ದಿನದಿಂದ ಇಲ್ಲಿನ 38,000 ನಿಂತುಹೋಗುತ್ತದೆ. ಅವರ ಬಸ್ಸು, ಊಟ, ಬಟ್ಟೆಬರೆಯ ಖರ್ಚು ಮನೆಯಲ್ಲಿ ಸುಮಾರು 5,000 ಕಡಿಮೆಯಾಗಬಹುದು. ಅದೇ ಹೊತ್ತಿಗೆ, ವಯಸ್ಸಾದ ಅತ್ತೆಯೊಬ್ಬರೇ ಇಡೀ ದಿನದ ಮನೆ, ಅಡುಗೆ, ಇಬ್ಬರು ಮಕ್ಕಳ ಪಾಠ ನೋಡಿಕೊಳ್ಳುವುದು ಆಗದ ಮಾತು. ಕೆಲಸಕ್ಕೆ ಒಬ್ಬರು, ಮಗಳಿಗೆ ಟ್ಯೂಷನ್ ಎಂದು 10,000 ಹೆಚ್ಚುವರಿಯಾಗಿ ಹೋಗುತ್ತದೆ. 55,200ರಲ್ಲಿ 38,000 ಕಳೆದು, 5,000 ಕೂಡಿಸಿ, 10,000 ಕಳೆದರೆ ಉಳಿಯುವುದು 12,200. ತಿಂಗಳಿಗೆ ಮನೆಗೆ ಆಗುವ ನಿಜವಾದ ಲಾಭ ಇಷ್ಟೇ. ನೆಂಟರಿಷ್ಟರು ಹೇಳುತ್ತಿರುವ 1,26,500 ರೂಪಾಯಿಯ ಹತ್ತನೇ ಒಂದು ಪಾಲಿಗೂ ಇದು ಕಡಿಮೆ.

ಎರಡನೆಯದು ಮೂಲ ವೇತನದ ವಿಷಯ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೇವೆಯ ಕೊನೆಗೆ ಕೊಡುವ ಗ್ರಾಚ್ಯುಟಿಯನ್ನು ಒಟ್ಟು ಸಂಬಳದ ಮೇಲಲ್ಲ, ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಒಂದು ವರ್ಷ ಪೂರೈಸದವರಿಗೆ ಏನೂ ಇಲ್ಲ. ನಿಮ್ಮ 2,500ರ ಮೇಲೆ ವರ್ಷಕ್ಕೆ 1,750 ದಿರ್ಹಮ್ ಆಗುತ್ತದೆ. ಅದೇ 5,500ರೊಳಗೆ ಮೂಲ ವೇತನವನ್ನು 4,000 ಎಂದು ಬರೆದುಕೊಟ್ಟಿದ್ದರೆ 2,800 ಆಗುತ್ತಿತ್ತು. ಐದು ವರ್ಷಕ್ಕೆ ವ್ಯತ್ಯಾಸ 5,250 ದಿರ್ಹಮ್, ಸುಮಾರು 1,20,000 ರೂಪಾಯಿ. ಶಾಲೆಗೆ ತಿಂಗಳ ಖರ್ಚು ಒಂದು ದಿರ್ಹಮೂ ಹೆಚ್ಚಾಗದ ಕಾರಣ, ಸಹಿ ಹಾಕುವ ಮುನ್ನ ಇದನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಸಹಿಯಾದ ಮೇಲೆ ಯಾರೂ ಬದಲಿಸುವುದಿಲ್ಲ.

ತೆರಿಗೆಯ ಮಾತು ಚುಟುಕಾಗಿ ಹೇಳುತ್ತೇನೆ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. 2018ರ ಜನವರಿಯಿಂದ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆ ಮಾತ್ರ ಇದೆ, ಅದು ದಿನಸಿ ಬಿಲ್ಲಿನಲ್ಲೇ ಸೇರಿರುತ್ತದೆ. ಉದ್ಯೋಗಕ್ಕಾಗಿ ದೇಶ ಬಿಡುವವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿಗಳಾಗುತ್ತಾರೆ, ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಬರುವುದಿಲ್ಲ. ಏಪ್ರಿಲ್‌ನಲ್ಲಿ ಸೇರುವವರಿಗೆ ಈ ತೊಂದರೆಯೇ ಇಲ್ಲ. ಆದರೆ ಶಾಲೆಯವರು ವರ್ಷದ ನಡುವೆ ಕರೆಸಿಕೊಂಡರೆ ಸೆಪ್ಟೆಂಬರ್ 28ರೊಳಗೆ ಹೊರಡುವುದು ಒಳ್ಳೆಯದು. ಅದನ್ನು ದಾಟಿದರೆ ಆ ವರ್ಷದ ವಿದೇಶಿ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ.

ಭೌತಶಾಸ್ತ್ರ ಅಧ್ಯಾಪಕ, ಮಸ್ಕತ್, ಊರು ಕಾರ್ಕಳ

ರೂಪಾಯಿ ಕುಸಿದಾಗಲೆಲ್ಲ ಊರಿನಿಂದ ಫೋನು ಬರುತ್ತದೆ, ನಿಮಗೆ ಈಗ ಲಾಭವಲ್ಲವೇ ಎಂದು. ಈ ನಂಬಿಕೆಯನ್ನು ಅಂಕಿಗಳ ಮುಂದಿಟ್ಟು ನೋಡಬೇಕು.

ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಲ್ಪಟ್ಟಿದೆ. ಸೌದಿ ರಿಯಾಲ್ 3.75. ನಮ್ಮ ಒಮಾನಿ ರಿಯಾಲ್ 1986ರಿಂದ 2.60 ಡಾಲರಿನ ಆಸುಪಾಸಿನಲ್ಲಿಯೇ ನಿಂತಿದೆ. ಹಾಗಾಗಿ ಡಾಲರಿನ ಎದುರು ರೂಪಾಯಿ ಇಳಿದಷ್ಟೂ ನಮ್ಮ ಸಂಬಳದ ರೂಪಾಯಿ ಮೊತ್ತ ಏರುತ್ತದೆ. 2014-15ರಲ್ಲಿ ಡಾಲರಿಗೆ ಸರಾಸರಿ 61 ರೂಪಾಯಿ ಇತ್ತು, 2024-25ರಲ್ಲಿ ಸರಾಸರಿ 84ಕ್ಕೂ ಹೆಚ್ಚು. ದಿರ್ಹಮ್ ಲೆಕ್ಕದಲ್ಲಿ 16.60ರಿಂದ 23ಕ್ಕೆ ಬಂದಿದೆ. ಹತ್ತು ವರ್ಷದಲ್ಲಿ ಶೇಕಡಾ 38ರಷ್ಟು ಏರಿಕೆ. ಇದೇ ಅವಧಿಯಲ್ಲಿ ದಿನಬಳಕೆಯ ಬೆಲೆ ಏರಿಕೆಯನ್ನು ಅಳೆಯುವ ಭಾರತದ ಗ್ರಾಹಕ ಬೆಲೆ ಸೂಚ್ಯಂಕ ಸುಮಾರು 119ರಿಂದ 192ರ ಆಸುಪಾಸಿಗೆ ಏರಿದೆ. ಎಂದರೆ ಶೇಕಡಾ 60ಕ್ಕೂ ಮಿಕ್ಕಿ.

ಹತ್ತು ವರ್ಷದ ಹಿಂದೆ 5,000 ದಿರ್ಹಮ್ ಪಡೆಯುತ್ತಿದ್ದ ಶಿಕ್ಷಕರೊಬ್ಬರು ಈಗಲೂ ಅಷ್ಟನ್ನೇ ಪಡೆಯುತ್ತಿದ್ದಾರೆ ಎಂದುಕೊಳ್ಳಿ. ಭಾರತೀಯ ಶಾಲೆಗಳಲ್ಲಿ ಇದು ಅಪರೂಪದ ಕಥೆಯೇನೂ ಅಲ್ಲ. ಅಂದು ಊರಿನಲ್ಲಿ ಅದು 83,000 ರೂಪಾಯಿ, ಇಂದು 1,15,000. ಆದರೆ ಅಂದಿನ 83,000ಕ್ಕೆ ಸಿಗುತ್ತಿದ್ದುದನ್ನೆಲ್ಲ ಇಂದು ಕೊಳ್ಳಲು 1,33,000 ಬೇಕು. ರೂಪಾಯಿ ಕುಸಿದದ್ದರಿಂದ ಅವರು ಗಳಿಸಿದ್ದು ಏನೂ ಇಲ್ಲ. ಊರಿನ ಬೆಲೆಯ ಎದುರು ಅವರ ಸಂಬಳ ಸದ್ದಿಲ್ಲದೆ ಸವೆದಿದೆ. ಮಂಗಳೂರಿನ ಸುತ್ತಮುತ್ತ ಐದು ಸೆಂಟ್ಸ್ ಜಾಗ ಕೊಳ್ಳಲು ಹೊರಟವರಿಗೆ ಇದು ಚೆನ್ನಾಗಿ ಗೊತ್ತು, ಏಕೆಂದರೆ ಜಾಗದ ಬೆಲೆ ಸೂಚ್ಯಂಕಕ್ಕೂ ಮುಂದೆ ಓಡಿದೆ.

ಆದುದರಿಂದ ಮೇಡಂ, ನೇಮಕಾತಿ ಪತ್ರದಲ್ಲಿ ವಾರ್ಷಿಕ ವೇತನ ಬಡ್ತಿ ಎಷ್ಟು ಎಂದು ಬರೆದಿದೆಯೇ ನೋಡಿ. ಬರೆಯದಿದ್ದರೆ ಇಲ್ಲವೆಂದೇ ತಿಳಿಯಿರಿ. ಊರಿನ ನಿಮ್ಮ 38,000ಕ್ಕೆ ಪ್ರತಿ ವರ್ಷ ಒಂದಿಷ್ಟು ಸೇರುತ್ತಿದ್ದರೆ ಐದು ವರ್ಷದ ನಂತರ ಎರಡರ ನಡುವಿನ ಅಂತರ ಇಂದು ಕಾಣುವಷ್ಟು ಇರುವುದಿಲ್ಲ.

ಬಿ.ಎಡ್. ಮುಗಿಸಿದವರು, ದೇರಳಕಟ್ಟೆ

ನಾನು ಅವಿವಾಹಿತ, ಇಲ್ಲಿ ಶಾಲೆಯೊಂದರಲ್ಲಿ 16,000 ರೂಪಾಯಿಗೆ ದುಡಿಯುತ್ತಿದ್ದೇನೆ. ನನ್ನಂಥವರಿಗೂ ಇದೇ ಲೆಕ್ಕವೇ?

ಲೆಕ್ಕಪರಿಶೋಧಕ, ಮಣಿಪಾಲ

ಅಲ್ಲ. ನಿಮ್ಮಿಂದ ಮನೆಗೆ ಕಳೆದುಹೋಗುವುದು 16,000 ಮಾತ್ರ, ಹೊಸದಾಗಿ ಸೇರುವ ಖರ್ಚೂ ಇಲ್ಲ. 3,500 ದಿರ್ಹಮ್ ಮತ್ತು ವಸತಿ ಸಿಕ್ಕಿದರೂ ಮನೆಗೆ ತಿಂಗಳಿಗೆ 40,000ದಷ್ಟು ನಿಜವಾದ ಲಾಭವಿದೆ. ಒಂದೇ ಸಂಬಳ ಇಬ್ಬರಿಗೆ ಎರಡು ಬೆಲೆಯದ್ದಾಗುವುದು ಹೀಗೆಯೇ. ನೇಮಕಾತಿಯ ಹೆಸರಿನಲ್ಲಿ ಯಾರಿಗೂ ಹಣ ಕಟ್ಟಬೇಡಿ. ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ವೆಚ್ಚವನ್ನು ಉದ್ಯೋಗದಾತರೇ ಭರಿಸಬೇಕು.

ಭೌತಶಾಸ್ತ್ರ ಶಿಕ್ಷಕಿ, ಬರ್ಮಿಂಗ್‌ಹ್ಯಾಮ್, ಊರು ಕುಂದಾಪುರ

ಗಲ್ಫ್ ಬಿಟ್ಟು ಇಂಗ್ಲೆಂಡಿನ ಕಡೆ ನೋಡುತ್ತಿರುವವರೂ ಇಲ್ಲಿ ಇರಬಹುದೆಂದು ಬರೆಯುತ್ತಿದ್ದೇನೆ. 2023ರ ಫೆಬ್ರವರಿಯಿಂದ ಭಾರತದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಇಲ್ಲಿನ ಶಿಕ್ಷಕ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದಾಗಿದೆ. 2024-25ರ ಶೈಕ್ಷಣಿಕ ವರ್ಷದಲ್ಲಿ ಲಂಡನ್ನಿನ ಹೊರಗೆ ಹೊಸ ಶಿಕ್ಷಕರ ಆರಂಭಿಕ ಸಂಬಳ ವರ್ಷಕ್ಕೆ 31,650 ಪೌಂಡ್ ಇತ್ತು. ಪೌಂಡಿಗೆ 107 ರೂಪಾಯಿಯಂತೆ ಸುಮಾರು 34 ಲಕ್ಷ. ಊರಿನಲ್ಲಿ ಈ ಅಂಕಿ ಕೇಳಿದವರು ಬೆರಗಾಗುವುದು ಸಹಜ.

ಅದರಲ್ಲಿ ಪಿಂಚಣಿಗೆ ಶೇಕಡಾ 7.4, ಮೊದಲ 12,570 ಪೌಂಡ್ ಬಿಟ್ಟು ಉಳಿದದ್ದಕ್ಕೆ ಶೇಕಡಾ 20ರ ಆದಾಯ ತೆರಿಗೆ, ಶೇಕಡಾ 8ರ ರಾಷ್ಟ್ರೀಯ ವಿಮೆ ಕಡಿತವಾಗಿ ಕೈಗೆ ಬರುವುದು ತಿಂಗಳಿಗೆ 2,030 ಪೌಂಡ್‌ನಷ್ಟು. ನಮ್ಮ ಎರಡು ಕೋಣೆಯ ಮನೆಗೆ 950, ಪುರಸಭೆಯ ತೆರಿಗೆಗೆ 130, ವಿದ್ಯುತ್ ಅನಿಲಕ್ಕೆ 160, ದಿನಸಿಗೆ 350, ಓಡಾಟಕ್ಕೆ 120. ಫೋನು, ನೀರು, ಚಳಿಗಾಲದ ಬಟ್ಟೆ ಸೇರಿಸಿದರೆ ಒಬ್ಬರ ಸಂಬಳದಲ್ಲಿ ಉಳಿಯುವುದು ಅತ್ಯಲ್ಪ.

ಇದಕ್ಕಿಂತ ದೊಡ್ಡ ಪೆಟ್ಟು ಹೊರಡುವ ಮುನ್ನವೇ ಬೀಳುತ್ತದೆ. 2024ರ ಫೆಬ್ರವರಿಯಿಂದ ವೀಸಾ ಅರ್ಜಿಯೊಂದಿಗೆ ಆರೋಗ್ಯ ಸೇವೆಯ ಶುಲ್ಕವೆಂದು ದೊಡ್ಡವರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776 ಪೌಂಡ್‌ನಂತೆ ವೀಸಾದ ಇಡೀ ಅವಧಿಗೆ ಮುಂಗಡವಾಗಿ ಕಟ್ಟಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಮೂರು ವರ್ಷಕ್ಕೆ 10,866 ಪೌಂಡ್. ಹನ್ನೊಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಕೆಲವು ಶಾಲೆಗಳು ಶಿಕ್ಷಕರ ಪಾಲನ್ನು ಕಟ್ಟುತ್ತವೆ, ಕುಟುಂಬದ ಪಾಲನ್ನು ಕಟ್ಟುವುದು ತೀರಾ ವಿರಳ.

ಆದರೂ ಗಲ್ಫಿಗೆ ಹೋಲಿಸಿದರೆ ಎರಡು ಅನುಕೂಲಗಳಿವೆ. ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಶುಲ್ಕವಿಲ್ಲ. ಜೊತೆಗೆ ಬಂದ ಸಂಗಾತಿಗೆ ಬಹುತೇಕ ಯಾವುದೇ ಉದ್ಯೋಗ ಹಿಡಿಯುವ ಹಕ್ಕು ವೀಸಾದಲ್ಲೇ ಇರುತ್ತದೆ. ನಮ್ಮ ಮನೆಯಲ್ಲಿ ಉಳಿತಾಯ ಆರಂಭವಾದದ್ದು ಪತಿಗೆ ಕೆಲಸ ಸಿಕ್ಕಿದ ಮೇಲೆಯೇ.

ಮಾಲ್ಡೀವ್ಸ್‌ನಲ್ಲಿ ಕಲಿಸಿ ಬಂದವರು, ಬೆಳ್ತಂಗಡಿ

ಸಂಬಳ ಯಾವ ನಾಣ್ಯದಲ್ಲಿ ಎಂಬುದರ ಜೊತೆಗೆ, ಅದನ್ನು ಡಾಲರಿಗೆ ಬದಲಿಸಿಕೊಡುವವರು ಇದ್ದಾರೆಯೇ ಎಂದೂ ಕೇಳಿ. ಅಲ್ಲಿ ರುಫಿಯಾದ ಅಧಿಕೃತ ದರ ಡಾಲರಿಗೆ 15.42. ನಾವು ಆ ದರದಲ್ಲಿ ಲೆಕ್ಕ ಹಾಕಿಕೊಂಡು ಹೋದೆವು. ಬ್ಯಾಂಕಿನಲ್ಲಿ ಆ ದರಕ್ಕೆ ಸಿಗುವ ಡಾಲರಿಗೆ ಮಿತಿ ಇತ್ತು; ಉಳಿದದ್ದನ್ನು ಹೊರಗಡೆ ಹೆಚ್ಚಿನ ದರ ತೆತ್ತು ಕೊಳ್ಳುವಾಗ ಉಳಿತಾಯದ ಒಂದು ಪಾಲು ಅಲ್ಲಿಯೇ ಕರಗುತ್ತಿತ್ತು. ಆದರೆ ದ್ವೀಪದ ಶಾಲೆಯಲ್ಲಿ ಖರ್ಚು ಮಾಡಲು ದಾರಿಯೇ ಇರಲಿಲ್ಲವಾದ್ದರಿಂದ ತಂಗಿಯ ಮದುವೆಗೆ ಬೇಕಾದಷ್ಟು ಕೂಡಿಬಂತು. ಮಾಲೆ ನಗರದಲ್ಲಿ ಬಾಡಿಗೆ ಕೊಟ್ಟು ಇದ್ದವರಿಗೆ ಅದು ಸಾಧ್ಯವಾಗಲಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯರು, ಉಡುಪಿ

ಈ ಮಾತಿಗೆ ಹಳೆಯ ಸಾಕ್ಷಿಯೊಂದನ್ನು ಸೇರಿಸುತ್ತೇನೆ. ಗಲ್ಫಿನ ಶಾಲೆಗಳು ಇಷ್ಟೊಂದು ಬೆಳೆಯುವ ಮೊದಲು ನಮ್ಮ ತಲೆಮಾರಿನ ಅನೇಕ ಶಿಕ್ಷಕರು ಇಥಿಯೋಪಿಯಾಕ್ಕೆ ಹೋಗುತ್ತಿದ್ದೆವು. ಆಗ ಅಲ್ಲಿನ ನಾಣ್ಯವಾದ ಬಿರ್ ಡಾಲರಿಗೆ 2.07ರಂತೆ ವರ್ಷಗಟ್ಟಲೆ ನಿಂತಿತ್ತು, ಸಂಬಳದ ಒಂದು ಭಾಗವನ್ನು ಊರಿಗೆ ಕಳುಹಿಸಲು ಅನುಮತಿ ಇತ್ತು, ಆ ಹಣದಿಂದ ಈ ಜಿಲ್ಲೆಯಲ್ಲಿ ಎಷ್ಟೋ ಹೆಂಚಿನ ಮನೆಗಳು ತಾರಸಿ ಕಂಡವು. 1992ರಲ್ಲಿ ಅದೇ ಬಿರ್ ಡಾಲರಿಗೆ 5 ಆಯಿತು. ಕರಾರಿನ ನಡುವಿನಲ್ಲಿದ್ದವರ ಸಂಬಳ ಡಾಲರ್ ಲೆಕ್ಕದಲ್ಲಿ ಅರ್ಧಕ್ಕೂ ಕೆಳಗೆ ಇಳಿಯಿತು. 2024ರ ಜುಲೈ ಕೊನೆಯಲ್ಲಿ ಅಲ್ಲಿನ ಸರಕಾರ ನಾಣ್ಯವನ್ನು ಮಾರುಕಟ್ಟೆಗೆ ಬಿಟ್ಟಾಗ 57ರಲ್ಲಿದ್ದ ದರ ಕೆಲವೇ ದಿನಗಳಲ್ಲಿ ನೂರರ ಹತ್ತಿರ ಹೋಯಿತು. ಆಫ್ರಿಕಾದ ಶಾಲೆಗಳಿಗೆ ಹೊರಡುವ ಮಕ್ಕಳಿಗೆ ನಾನು ಹೇಳುವುದು ಒಂದೇ: ಕರಾರಿನಲ್ಲಿ ಸಂಬಳವನ್ನು ಡಾಲರಿನಲ್ಲಿ ಬರೆಸಿಕೊಳ್ಳಿ, ಡಾಲರಿನಲ್ಲಿಯೇ ಪಾವತಿ ಎಂದೂ ಬರೆಸಿಕೊಳ್ಳಿ.

ಅರ್ಥಶಾಸ್ತ್ರ ಉಪನ್ಯಾಸಕ, ಮಂಗಳೂರು

ಇಲ್ಲಿಯವರೆಗಿನ ಲೆಕ್ಕಗಳಲ್ಲಿ ಊರಿನ ಸಂಬಳದ ಬೆಲೆಯನ್ನು ಯಾರೂ ಸರಿಯಾಗಿ ಕಟ್ಟಿಲ್ಲವೆಂದು ನನಗೆ ಅನಿಸುತ್ತದೆ. ವಿನಿಮಯ ದರ ಹೇಳುವುದು ಒಂದು ನಾಣ್ಯಕ್ಕೆ ಎಷ್ಟು ಇನ್ನೊಂದು ನಾಣ್ಯ ಸಿಗುತ್ತದೆ ಎಂಬುದನ್ನು ಮಾತ್ರ. ಆ ನಾಣ್ಯಕ್ಕೆ ಅಂಗಡಿಯಲ್ಲಿ ಎಷ್ಟು ಸರಕು ಸಿಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕ್ಯಾಸೆಲ್ ನೂರು ವರ್ಷದ ಹಿಂದೆಯೇ ಕೊಳ್ಳುವ ಶಕ್ತಿಯ ಸಮಾನತೆ ಎಂಬ ಅಳತೆಯನ್ನು ಮುಂದಿಟ್ಟದ್ದು ಇದಕ್ಕಾಗಿ. ವಿಶ್ವ ಬ್ಯಾಂಕಿನ ಅಂತಾರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮದ 2017ರ ಅಂಕಿಯಂತೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು ಸೇವೆ ಭಾರತದಲ್ಲಿ 20.65 ರೂಪಾಯಿಗೆ ಸಿಗುತ್ತಿತ್ತು. ಆಗಿನ ವಿನಿಮಯ ದರ 65 ರೂಪಾಯಿ. ನಮ್ಮಲ್ಲಿ ಖರ್ಚಾಗುವ ರೂಪಾಯಿಗೆ ವಿನಿಮಯ ದರ ತೋರಿಸುವುದಕ್ಕಿಂತ ಮೂರು ಪಟ್ಟು ಕಸುವು ಇದೆ ಎಂದಾಯಿತು.

ಆದರೆ ಈ ಮೂರು ಪಟ್ಟು ಎಲ್ಲದಕ್ಕೂ ಅನ್ವಯಿಸುವುದಿಲ್ಲ. ಬಾಡಿಗೆ, ಮನೆಗೆಲಸ, ರಿಕ್ಷಾ, ಕ್ಷೌರ, ವೈದ್ಯರ ಶುಲ್ಕ, ತರಕಾರಿ ಇವು ಊರಿನಲ್ಲಿ ಬಹಳ ಅಗ್ಗ. ಚಿನ್ನ, ಮೊಬೈಲ್, ಲ್ಯಾಪ್‌ಟಾಪ್, ವಿಮಾನದ ಟಿಕೆಟ್ ಇವುಗಳ ಬೆಲೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ದಿರ್ಹಮಿನಲ್ಲಿ ದುಡಿದು ದಿರ್ಹಮಿನಲ್ಲಿಯೇ ಬಾಡಿಗೆ, ಶಾಲೆ, ಊಟಕ್ಕೆ ಖರ್ಚು ಮಾಡುವ ಕುಟುಂಬಕ್ಕೆ 23ರ ದರ ಅರ್ಥವಿಲ್ಲದ ಅಂಕಿ. ಆ ಖರ್ಚನ್ನು ರೂಪಾಯಿಗೆ ಗುಣಿಸುವುದೇ ಬೇಡ. ಆ ದರಕ್ಕೆ ಬೆಲೆ ಬರುವುದು ಊರಿಗೆ ಕಳುಹಿಸುವ ಉಳಿಕೆಗೆ ಮಾತ್ರ. ಮೇಡಂ ಅವರಿಗೆ ತೀರಿಸಬೇಕಾದ ಸಾಲ ರೂಪಾಯಿಯಲ್ಲಿ ಇರುವುದರಿಂದ, ಅಲ್ಲಿ ಉಳಿದ ಒಂದೊಂದು ದಿರ್ಹಮಿಗೂ ಪೂರ್ತಿ 23ರ ಬೆಲೆ ಇದೆ ಎಂಬುದು ಅವರ ಪಾಲಿನ ಒಳ್ಳೆಯ ಸಂಗತಿ.

ಶಾರ್ಜಾದಲ್ಲಿರುವ ವಿಜ್ಞಾನ ಶಿಕ್ಷಕಿ

ಮಣಿಪಾಲದ ಸರ್ ಹೇಳಿದ 12,200ರ ಲೆಕ್ಕವನ್ನು ನಾನು ಒಪ್ಪುತ್ತೇನೆ, ಆದರೆ ಅದು ಒಬ್ಬರೇ ಬಂದಾಗಿನ ಮಾತು. ನನ್ನ ಮೊದಲ ಬರಹದಲ್ಲಿ ಒಂದೇ ಸಂಬಳ ಹಿಡಿದಿದ್ದೆ. ಇಲ್ಲಿ ನೆಲೆ ಕಂಡ ಹೆಚ್ಚಿನ ಶಿಕ್ಷಕಿಯರ ಮನೆಯಲ್ಲಿ ಎರಡು ಸಂಬಳ ಇರುತ್ತದೆ. ಸುರತ್ಕಲ್‌ನ ಮೇಡಂ ಅವರ ಪತಿಗೆ ಲೆಕ್ಕಪತ್ರದ ಅನುಭವ ಇದೆ. 4,500 ದಿರ್ಹಮಿನ ಕೆಲಸ ಸಿಕ್ಕಿತೆಂದರೆ ಮನೆಗೆ 10,000 ಬರುತ್ತದೆ. ನನ್ನ 5,550ರ ಖರ್ಚಿಗೆ ಅವರ ಓಡಾಟ, ಮಕ್ಕಳ ಆರೋಗ್ಯ ವಿಮೆ, ಇತರೆ ಎಂದು 900 ಸೇರಿಸಿ, 3,550 ಉಳಿಯುತ್ತದೆ. ಅದು 81,650 ರೂಪಾಯಿ. ಟ್ಯೂಷನ್ ಮಾಡಿ ಸರಿದೂಗಿಸಬಹುದು ಎಂದು ಮಾತ್ರ ಯಾರೂ ಭರವಸೆ ಇಟ್ಟುಕೊಳ್ಳಬೇಡಿ. ಪರವಾನಗಿ ಇಲ್ಲದೆ ಮನೆಪಾಠ ಮಾಡುವುದು ಇಲ್ಲಿ ಕಾನೂನುಬಾಹಿರ. 2023ರ ಡಿಸೆಂಬರ್‌ನಿಂದ ಸರಕಾರವೇ ಎರಡು ವರ್ಷದ ಉಚಿತ ಪರವಾನಗಿ ಕೊಡುತ್ತಿದೆ, ಅದನ್ನು ಪಡೆದೇ ಕಲಿಸಬೇಕು.

ಲೆಕ್ಕಪರಿಶೋಧಕ, ಮಣಿಪಾಲ

ಟೀಚರ್ ಅವರ ಮಾತು ನ್ಯಾಯವಾದದ್ದು. ಇಂದು ಈ ಮನೆಗೆ ಬರುವುದು ಒಟ್ಟು 80,000. ಸಾಲದ ಕಂತನ್ನು ಬಿಟ್ಟು ಉಳಿದ ಖರ್ಚು 45,000 ಇರಬಹುದೆಂದು ಹಿಡಿದರೆ 35,000 ಉಳಿಯುತ್ತದೆ. ಅಲ್ಲಿ 81,650. ವ್ಯತ್ಯಾಸ 46,650. ಆದರೆ ಅತ್ತೆಯವರು ಊರಿನಲ್ಲಿ ಒಬ್ಬರೇ ಆಗುತ್ತಾರೆ. ಅವರ ಮನೆಖರ್ಚು, ಜೊತೆಗಿರಲು ಒಬ್ಬರು, ಔಷಧಿ ಎಂದು 15,000 ಇಡಲೇಬೇಕು. ಮೂವರ ವಿಮಾನ ಟಿಕೆಟ್ಟಿಗೂ ತಿಂಗಳಿಗೆ ಇಷ್ಟೆಂದು ಎತ್ತಿಡಬೇಕು. ಜುಲೈನಲ್ಲಿ ಗಲ್ಫಿನ ಶಾಲೆಗಳಿಗೆಲ್ಲ ಒಟ್ಟಿಗೆ ರಜೆ ಬಿದ್ದಾಗ ಮಂಗಳೂರು ವಿಮಾನಗಳ ದರ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆಲ್ಲ ಗೊತ್ತು, ಕಣ್ಣೂರಿಗೆ ಇಳಿದು ರೈಲಿನಲ್ಲಿ ಬರುವವರನ್ನು ನಾವು ನೋಡುತ್ತಲೇ ಇದ್ದೇವೆ. ಅದಕ್ಕೆ 8,000 ಕಳೆದರೆ 23,000ದಷ್ಟು ನಿಜವಾದ ಲಾಭ ಕಾಣುತ್ತದೆ. ಎಲ್ಲವೂ ಪತಿಗೆ ಕೆಲಸ ಸಿಗುವುದರ ಮೇಲೆ ನಿಂತಿದೆ. ಆ ಕೆಲಸ ಆರು ತಿಂಗಳು ತಡವಾದರೆ ಮೊದಲ ವರ್ಷದ ಲಾಭವೆಲ್ಲ ಅಲ್ಲಿಯೇ ಮುಗಿಯುತ್ತದೆ.

ಗಣಿತ ಶಿಕ್ಷಕಿ, ಸುರತ್ಕಲ್

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನೀವು ಬರೆದದ್ದನ್ನೆಲ್ಲ ಪತಿಯೊಂದಿಗೆ ಕುಳಿತು ಓದಿದೆ, ಅತ್ತೆಗೂ ಓದಿ ಹೇಳಿದೆ. ಒಬ್ಬಳೇ ಹೋಗುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಆ 12,200ಕ್ಕಾಗಿ ಒಂದನೇ ತರಗತಿಯ ಮಗುವನ್ನು ಬಿಟ್ಟಿರಲು ನನ್ನಿಂದ ಆಗದು. ಮೂಲ ವೇತನ ಹೆಚ್ಚಿಸಿ ಬರೆಯಿರಿ, ವಾರ್ಷಿಕ ಬಡ್ತಿಯನ್ನು ಕರಾರಿನಲ್ಲಿ ಸೇರಿಸಿ, ಇಬ್ಬರು ಮಕ್ಕಳಿಗೂ ರಿಯಾಯಿತಿ ಇದೆಯೆಂದು ಸ್ಪಷ್ಟಪಡಿಸಿ ಎಂದು ಶಾಲೆಗೆ ಪತ್ರ ಬರೆದೆ. ಮೂಲ ವೇತನವನ್ನು 3,200ಕ್ಕೆ ಏರಿಸಲು ಒಪ್ಪಿದ್ದಾರೆ, ಮಕ್ಕಳ ರಿಯಾಯಿತಿಯನ್ನು ಲಿಖಿತವಾಗಿ ಕೊಟ್ಟಿದ್ದಾರೆ. ಬಡ್ತಿಯ ಬಗ್ಗೆ ಆಡಳಿತ ಮಂಡಳಿ ತೀರ್ಮಾನಿಸುತ್ತದೆ ಎಂದಷ್ಟೇ ಹೇಳಿದ್ದಾರೆ. ಒಪ್ಪಿಗೆ ತಿಳಿಸಲು ಜನವರಿ ಕೊನೆಯವರೆಗೆ ಸಮಯವಿದೆ. ಪತಿ ಇಲ್ಲಿಂದಲೇ ಅರ್ಜಿ ಹಾಕಲು ಆರಂಭಿಸಿದ್ದಾರೆ. ಅವರಿಗೆ 4,500ಕ್ಕೆ ಕಡಿಮೆಯಿಲ್ಲದ ಕೆಲಸದ ಪತ್ರ ಅಷ್ಟರೊಳಗೆ ಬಂದರೆ ಹೊರಡುತ್ತೇವೆ, ಬಾರದಿದ್ದರೆ ಇಲ್ಲ.

ಒಂದು ಕೊನೆಯ ಪ್ರಶ್ನೆ. ನಾನಾಗಿಯೇ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಸಿಗುವುದಿಲ್ಲ, ಶಿಕ್ಷಕರಿಗೆ ಅದು ಅನ್ವಯಿಸುವುದೂ ಇಲ್ಲ ಎಂದು ನಮ್ಮ ಶಾಲೆಯ ಕಚೇರಿಯಲ್ಲಿ ಹೇಳುತ್ತಾರೆ. ಹೌದೇ?

ಲೆಕ್ಕಪರಿಶೋಧಕ, ಮಣಿಪಾಲ

ಎರಡೂ ಸರಿಯಲ್ಲ. ಶಿಕ್ಷಕರನ್ನು ಭಾರತದ ಗ್ರಾಚ್ಯುಟಿ ಕಾಯಿದೆಯೊಳಗೆ ತಂದ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಜಾರಿಗೆ ಬಂದಿತ್ತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯನ್ನೇ ಎತ್ತಿಹಿಡಿದಿದೆ. ಐದು ವರ್ಷ ಪೂರೈಸಿದವರು ರಾಜೀನಾಮೆ ಕೊಟ್ಟರೂ ಹಕ್ಕು ಹೋಗುವುದಿಲ್ಲ. ನಿಮ್ಮ 28,000ವನ್ನು 26ರಿಂದ ಭಾಗಿಸಿ, 15 ದಿನಕ್ಕೆ ಗುಣಿಸಿ, ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ 1,61,538 ರೂಪಾಯಿ ಬರಬೇಕು. ಕೆಲಸ ಬಿಟ್ಟ ದಿನದಿಂದ 30 ದಿನದೊಳಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಆ ಮೊತ್ತ ನಿಮ್ಮ ಶಾರ್ಜಾದ ಮೊದಲ ಚೆಕ್ಕಿಗೂ ಠೇವಣಿಗೂ ಒದಗುತ್ತದೆ.

ಭವಿಷ್ಯನಿಧಿಯನ್ನು ಅವಸರದಲ್ಲಿ ಹಿಂಪಡೆಯಬೇಡಿ. ನೀವು ಸೇರುವಾಗ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000ದೊಳಗೆ ಇದ್ದಿದ್ದರೆ ನೌಕರರ ಪಿಂಚಣಿ ಯೋಜನೆಯಲ್ಲಿಯೂ ನಿಮ್ಮ ಹೆಸರಿರುತ್ತದೆ, ಹತ್ತು ವರ್ಷದ ಸೇವೆಗೆ 58ರ ವಯಸ್ಸಿನಿಂದ ತಿಂಗಳಿಗೆ 2,143 ರೂಪಾಯಿಯ ಪಿಂಚಣಿ ಬರುತ್ತದೆ. ಪಾಸ್‌ಬುಕ್ಕಿನ ಪಿಂಚಣಿ ಅಂಕಣದಲ್ಲಿ ಈಗ ಪ್ರತಿ ತಿಂಗಳು 1,250 ಜಮೆಯಾಗುತ್ತಿದೆಯೇ ಎಂದು ನೋಡಿ. ಆಗುತ್ತಿದ್ದರೆ, ರಾಜೀನಾಮೆ ಪತ್ರದ ದಿನಾಂಕ ಬರೆಯುವ ಮೊದಲು ಆ ಯೋಜನೆಯಲ್ಲಿ ನಿಮ್ಮ ಹತ್ತು ವರ್ಷ ಯಾವ ತಿಂಗಳಿಗೆ ಪೂರ್ತಿಯಾಗುತ್ತದೆ ಎಂಬುದನ್ನು ಭವಿಷ್ಯನಿಧಿ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.